ತೋಟದ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕೆಳಗೆ ತೈಲ ಇದೆಯಾ?

ನೀವು ಕೇಳಿರುವುದು ಎರಡು ವಿಷಯ. ತೀರ್ಥಹಳ್ಳಿ ಹತ್ತಿರ ನಿಮ್ಮ ಅಡಿಕೆ ತೋಟದ ಬಸಿಗಾಲುವೆಯಲ್ಲಿ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತಿದೆ, ನೆಲದಡಿ ತೈಲ ಇರಬಹುದಾ? ತೈಲ ಸಿಗುವ ಊರುಗಳಲ್ಲಿ ಬೋರ್ ನೀರು ಕುಡಿಯಬಹುದಾ?

ಮೊದಲನೆಯದಕ್ಕೆ ಉತ್ತರ, ಇಲ್ಲ. ಒಂದು ಕಡ್ಡಿಯಿಂದ ಪೊರೆಯನ್ನು ಕೆದಕಿ ನೋಡಿ. ತೆಳು ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೇ ಬಿಡಿಬಿಡಿಯಾಗಿ ನಿಂತರೆ ಅದು ಕಬ್ಬಿಣದ ಪೊರೆ. ಎಣ್ಣೆಯಾದರೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣ ಜಾಸ್ತಿ ಅಲ್ವಾ, ನೀರಲ್ಲಿ ಕರಗಿದ ಆ ಕಬ್ಬಿಣ ಗಾಳಿ ತಾಗಿದಾಗ ಬ್ಯಾಕ್ಟೀರಿಯಾ ಜೊತೆ ಸೇರಿ ಪೊರೆ ಕಟ್ಟುತ್ತದೆ. ತಳದಲ್ಲಿ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ, ನೋಡಿ. ಇನ್ನು ಶಿವಮೊಗ್ಗದ ಅಡಿಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಕಾದು ಮಡಚಿಹೋದ ಕಲ್ಲು. ತೈಲ ಹುಟ್ಟುವ ಜಾಗವೇ ಅಲ್ಲ.

ಎರಡನೆಯದು ನನ್ನ ಕೆಲಸಕ್ಕೇ ಸೇರಿದ್ದು. ಊರು ಸಾಗರವಾದರೂ ನಾನು ದುಡಿದದ್ದು ಗುಜರಾತಿನ ಮೆಹ್ಸಾಣಾ ಕಡೆಯ ತೈಲಬಾವಿಗಳಲ್ಲಿ. ನೆಲದಡಿ ತೈಲದ ಕೆರೆ ಇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲಿರುವುದು ಮರಳುಗಲ್ಲು. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ತುಂಬಿರುವುದು ಬಹುಪಾಲು ನೀರೇ. ತೈಲ ಹಗುರ, ಆ ನೀರಿನ ಮಧ್ಯೆಯೇ ಮೇಲೇರುತ್ತಾ ಹೋಗಿ, ದಾಟಲಾಗದ ಜೇಡಿಪದರ ಅಡ್ಡ ಬಂದ ಕಡೆ ಸಿಕ್ಕಿಕೊಳ್ಳುತ್ತದೆ. ಹಳೇ ಬಾವಿಯಿಂದ ಎತ್ತಿದ ಸ್ಯಾಂಪಲ್ ಬಿಸಿ ಮಾಡಿ ಗಾಜಿನ ಜಾಡಿಯಲ್ಲಿಟ್ಟರೆ ಮೇಲೊಂದಿಷ್ಟು ಕಪ್ಪು ತೈಲ, ಕೆಳಗೆ ಮಬ್ಬು ನೀರು ಬೇರೆಯಾಗುತ್ತವೆ. ಎಷ್ಟೋ ಸಲ ನೀರೇ ಜಾಸ್ತಿ. ಅದರ ಹನಿ ಕೈಮೇಲೆ ಒಣಗಿದರೆ ಉಪ್ಪಿನ ಬಿಳಿ ಕಲೆ ಉಳಿಯುತ್ತದೆ. ಕೆಲವು ಕಡೆ ಈ ಆಳದ ನೀರು ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪು.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಮಳೆನೀರಿನ ಪಾತ್ರ. ಕಲ್ಲಿನ ಪದರಗಳು ನೆಲದ ಮೇಲೆ ತೆರೆದುಕೊಂಡಿರುವ ಅಂಚುಗಳಲ್ಲಿ ಅದು ಒಳಗೆ ಇಳಿಯುತ್ತದೆ, ಉಪ್ಪುನೀರನ್ನು ಒತ್ತುತ್ತಾ ತುಂಬಾ ದೂರ ಹೋಗುತ್ತದೆ. ತೈಲದವರೆಗೂ ತಲುಪಿದರೆ, ಅಲ್ಲಿನ ಬಿಸಿ ಸುಮಾರು 80 ಡಿಗ್ರಿಗಿಂತ ಕಡಿಮೆ ಇದ್ದರೆ, ಬ್ಯಾಕ್ಟೀರಿಯಾಗಳು ತೈಲದ ಹಗುರ ಭಾಗವನ್ನು ತಿಂದು ಗಟ್ಟಿ ಭಾಗವನ್ನಷ್ಟೇ ಬಿಡುತ್ತವೆ.

ಹಾಗಾದರೆ ಕುಡಿಯುವ ನೀರು? ಅದು ಮೇಲಿನ ಪದರಗಳಲ್ಲಿ ಇರುತ್ತದೆ. ಮೆಹ್ಸಾಣಾದ ಕೆಲವು ತೈಲಕ್ಷೇತ್ರಗಳಲ್ಲಿ ತೈಲ ಸುಮಾರು 1000 ಮೀಟರ್ ಕೆಳಗಿದೆ, ರೈತರ ಬೋರ್‌ಗಳು ಅದಕ್ಕಿಂತ ಎಷ್ಟೋ ಮೇಲೇ ನಿಲ್ಲುತ್ತವೆ. ನಡುವೆ ದಪ್ಪ ಜೇಡಿ. ತೈಲಬಾವಿ ಕೊರೆಯುವಾಗ ಸಿಹಿನೀರಿನ ಪದರಕ್ಕೆ ಕೇಸಿಂಗ್, ಅಂದರೆ ಉಕ್ಕಿನ ಕೊಳವೆ, ಇಳಿಸಿ ಸುತ್ತ ಸಿಮೆಂಟ್ ತುಂಬುತ್ತಾರೆ. ಆ ಸಿಮೆಂಟ್ ಬಿರುಕು ಬಿಟ್ಟರೆ, ಅಥವಾ ತೈಲದ ಜೊತೆ ಬಂದ ಉಪ್ಪುನೀರನ್ನು ಹೊರಗೆ ಚೆಲ್ಲಿದರೆ ಅಪಾಯ. ಅದಕ್ಕೇ ಆ ನೀರನ್ನು ಮತ್ತೆ ಆಳಕ್ಕೇ ಪಂಪ್ ಮಾಡುವುದು ಸರಿಯಾದ ದಾರಿ. ಆದರೆ ಮೆಹ್ಸಾಣಾದ ಹಳ್ಳಿಗಳನ್ನು ಹೆಚ್ಚು ಕಾಡಿದ್ದು ತೈಲ ಅಲ್ಲ. ಮಿತಿ ಮೀರಿ ನೀರೆತ್ತಿದ್ದು, ನೀರಲ್ಲಿರುವ ಫ್ಲೋರೈಡ್.

ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ಮರಳುಗಲ್ಲಿನಂಥ ರಂಧ್ರಗಳೇ ಇಲ್ಲ, ನೀರು ಬಿರುಕುಗಳಲ್ಲಿ ಮಾತ್ರ. ಒಂದು ಬೋರ್ ತುಂಬಿ ಬರುವುದು, ಪಕ್ಕದ್ದು ಒಣಗಿರುವುದು ಅದಕ್ಕೇ.

ನಿಮ್ಮ ಕಾಲುವೆಯಲ್ಲಿ ಸೀಮೆಎಣ್ಣೆ ವಾಸನೆ ಬಂದರೆ ಮಾತ್ರ ಡೀಸೆಲ್ ಪಂಪ್ ಸೋರುತ್ತಿದೆಯಾ ನೋಡಿ. ಬೋರ್ ನೀರಲ್ಲೂ ಪೊರೆ ಇದ್ದರೆ ಕಬ್ಬಿಣದ ಪರೀಕ್ಷೆ ಮಾಡಿಸಿ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ ಕಲೆಯಾಗಲು ಶುರುವಾಗುತ್ತದೆ. ನೀರನ್ನು ಎತ್ತರದಿಂದ ಬೀಳಿಸಿ, ಚೆನ್ನಾಗಿ ಗಾಳಿ ತಾಗಿಸಿ, ಮರಳಲ್ಲಿ ಸೋಸಿದರೆ ಬಹುಪಾಲು ಕಬ್ಬಿಣ ಹೋಗುತ್ತದೆ.