ಯಾವ ಪೇಸ್ಟ್ ಅಂತ ಕೇಳಬೇಡಿ, ಯಾವ ನೀರು ಅಂತ ಹೇಳಿ

ಪ್ರಶ್ನೆ: ಪಾವಗಡದ ಹತ್ತಿರದ ಹಳ್ಳಿ ನಮ್ಮದು. ಹತ್ತು ವರ್ಷದ ಮಗಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಇದ್ದಿಲು, ಉಪ್ಪು, ದುಬಾರಿ ಪೇಸ್ಟ್ ಎಲ್ಲ ಆಯಿತು. ಇನ್ನೇನು ಹಚ್ಚಬೇಕು?

ಏನೂ ಹಚ್ಚಬೇಡಿ. ಉಜ್ಜಿದರೆ ಹೋಗಲು ಅದು ಕೊಳೆಯಲ್ಲ. ಹಲ್ಲು ಇನ್ನೂ ದವಡೆಯೊಳಗೆ ಬೆಳೆಯುತ್ತಿದ್ದಾಗ ನೀರಿನಲ್ಲಿ ಕರಗಿದ ಫ್ಲೋರೈಡ್ ಎಂಬ ಲವಣ ಮಾಡಿದ ಕೆಲಸ. ಇದ್ದಿಲು ತಿಕ್ಕಿ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಸವೆಸಿದಿರಿ, ಅಷ್ಟೇ. ಕಲೆ ಮರೆಮಾಡಲು ದಂತವೈದ್ಯರಿದ್ದಾರೆ, ಅವಸರವಿಲ್ಲ. ಮನೆಯಲ್ಲಿ ಅವಳಿಗಿಂತ ಚಿಕ್ಕ ಮಗು ಇದ್ದರೆ ನನ್ನ ಅವಸರ ಅದರದ್ದು.

ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಎರಡನ್ನೂ ಕೆಡಿಸುವ ಈ ಕಾಯಿಲೆ, ಫ್ಲೋರೋಸಿಸ್, ಹೊಸದಲ್ಲ. ನೆಲ್ಲೂರು ಜಿಲ್ಲೆಯಿಂದ 1937ರಲ್ಲೇ ವರದಿಯಾಗಿತ್ತು. ನಿಮ್ಮ ಕಡೆಯ ಬಂಡೆಯಲ್ಲಿ ಫ್ಲೋರೈಡ್ ಮೊದಲಿನಿಂದಲೂ ಇದೆ. ಆದರೆ ಕೆರೆಗೆ ಹೂಳು ತುಂಬಲು ಬಿಟ್ಟೆವು, ಕಾಲುವೆ ಒತ್ತಿಕೊಂಡೆವು, ಸಾವಿರ ಅಡಿ ಬೋರ್ ಕೊರೆದೆವು. ಬಂಡೆಯ ಬಿರುಕಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರ್ಕಾರಿ ರಿಯಾಯಿತಿ. ಮೂಳೆಗೆ ಆ ರಿಯಾಯಿತಿ ಗೊತ್ತಿಲ್ಲ.

ಮೊನ್ನೆ ಒಬ್ಬ ತಾಯಿ, "ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತರ್ತೀವಿ ಸಾರ್, ಅದೇ ಕುಡಿಯೋದು" ಅಂದರು. ಮುದ್ದೆಗೆ ಎಸರು ಇಡೋದು? "ಅಯ್ಯೋ, ಅದಕ್ಕೆ ನಲ್ಲಿ ನೀರು." ಸಾರಿಗೂ ಅದೇ, ಅನ್ನಕ್ಕೂ ಅದೇ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಇನ್ನು ಹಸುವಿನ ಹಾಲು ಡೇರಿಗೆ, ಮಗುವಿಗೆ ಕರಿ ಟೀ. ಟೀ ಸೊಪ್ಪಲ್ಲೂ ಫ್ಲೋರೈಡ್ ಇದೆ, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಮಾತ್ರ ಡೇರಿಗೆ ಹೋಯಿತು. ತಾಯಿಯನ್ನು ಬೈಯಲಾರೆ, ಹಾಲಿನ ದುಡ್ಡಲ್ಲೇ ಸಂಸಾರ ನಡೆಯಬೇಕಲ್ವಾ? ಆದರೂ ಮಗುವಿಗೆ ಒಂದು ಲೋಟ ತೆಗೆದಿಡಿ. ಅಡುಗೆಗೂ ಕ್ಯಾನ್ ನೀರೇ ಬಳಸಿ.

ಆ ಘಟಕದ ಫಿಲ್ಟರ್ ಯಾವಾಗ ಬದಲಾಯಿಸಿದರು? ಗ್ರಾಮಸಭೆಯಲ್ಲಿ ಕೇಳಿ. ಬೋರ್ ನೀರಿನದು, ಘಟಕದ ನೀರಿನದು, ಎರಡರದ್ದೂ ಫ್ಲೋರೈಡ್ ವರದಿ ಕೇಳಿ. ಟಿಡಿಎಸ್ ಪೆನ್ ಅದ್ದಿ "ನೋಡಿ, ಶುದ್ಧ" ಅನ್ನುವವರನ್ನು ನಂಬಬೇಡಿ. ಅದು ನೀರಲ್ಲಿ ಕರಗಿದ ಒಟ್ಟು ಲವಣಗಳ ಅಂದಾಜು ಹೇಳುತ್ತದೆ, ಫ್ಲೋರೈಡನ್ನು ಬೇರೆಯಾಗಿ ಅಳೆಯುವುದೇ ಇಲ್ಲ.

ಪ್ರಶ್ನೆ: ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟರೆ ಫ್ಲೋರೈಡ್ ಹೋಗುತ್ತದಂತೆ?

ಇಲ್ಲ. ತುಳಸಿ ಎಲೆಯನ್ನೂ ನಂಬಿ ಕೂರಬೇಡಿ.

ಪ್ರಶ್ನೆ: ಮಕ್ಕಳಿಗೆ ಫ್ಲೋರೈಡ್ ಪೇಸ್ಟ್ ಬಿಡಿಸಬೇಕೇ?

ನುಂಗುವುದನ್ನು ಬಿಡಿಸಿ.

ಪ್ರಶ್ನೆ: ತಂದೆಯ ಬೆನ್ನು ಬಗ್ಗುತ್ತಿಲ್ಲ. ಮೂಳೆಯಿಂದ ಫ್ಲೋರೈಡ್ ಇಳಿಸುವ ಎಣ್ಣೆ ಇದೆ ಎಂದು ಒಬ್ಬರು ಕೊಟ್ಟಿದ್ದಾರೆ.

ಹಚ್ಚಿದರೆ ಜಾರುತ್ತದೆ, ಇಳಿಯುವುದಿಲ್ಲ. ನೋವಿನ ಮಾತ್ರೆ ದಿನಾ ನುಂಗುತ್ತಿದ್ದರೆ ಅದು ಕಿಡ್ನಿ ಕೆಡಿಸಬಹುದು, ಮೊದಲು ಕಿಡ್ನಿ ಪರೀಕ್ಷೆ ಮಾಡಿಸಿ. ಮೈಯಿಂದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಕಿಡ್ನಿಯೇ.