ದೊರೈ–ಭಗವಾನ್ ಜೋಡಿಯ ಚಿತ್ರಗಳ ಬಗೆಗಿನ ಟೀಕೆಗಳು ಎಷ್ಟರಮಟ್ಟಿಗೆ ಸರಿ?

ಈ ನಿರ್ದೇಶಕ ಜೋಡಿಯ ಮೇಲಿನ ಮುಖ್ಯ ಆಕ್ಷೇಪ, ಅವರು ಕಾದಂಬರಿಗಳನ್ನು ನೆಚ್ಚಿಕೊಂಡು ಅಚ್ಚುಕಟ್ಟಾದ ಸಂಸಾರದ ಕಥೆಗಳನ್ನಷ್ಟೇ ಹೇಳಿದರು ಎಂಬುದು. ಇದು ಅರ್ಧ ಸತ್ಯ. 1968ರಲ್ಲಿ ‘ಜೇಡರ ಬಲೆ’ಯ ಮೂಲಕ ಕನ್ನಡಕ್ಕೆ ಜೇಮ್ಸ್ ಬಾಂಡ್ ಮಾದರಿಯ ಪತ್ತೇದಾರಿಯನ್ನು ತಂದವರೂ ಇವರೇ. ಆದರೆ ಅಲ್ಲಿಂದ ಶುರುವಾದ ಪತ್ತೇದಾರಿ ಚಿತ್ರಗಳ ಸರಣಿಯಲ್ಲಿ ಅನುಕರಣೆಯ ಪಾಲು ಹೆಚ್ಚೆಂಬುದನ್ನು ಒಪ್ಪಬೇಕು.

ಹೆಚ್ಚು ಗಟ್ಟಿಯಾದ ಟೀಕೆ ಸ್ತ್ರೀಪಾತ್ರಗಳಿಗೆ ಸಂಬಂಧಿಸಿದ್ದು. ವಾಣಿಯವರ ಕಾದಂಬರಿಯನ್ನು ಆಧರಿಸಿದ ‘ಎರಡು ಕನಸು’ (1974) ಚಿತ್ರದಲ್ಲಿ ಗಂಡ ಹಳೆಯ ಪ್ರೇಯಸಿಯ ನೆನಪಿನಲ್ಲಿ ಮುಳುಗಿರುವಾಗ ಹೆಂಡತಿ ಗೌರಿಯ ಪಾಲಿಗೆ ಉಳಿಯುವುದು ಕಾಯುವಿಕೆ ಮಾತ್ರ. ಆ ಸಹನೆಯನ್ನು ಚಿತ್ರ ಪ್ರಶ್ನಿಸುವುದಕ್ಕಿಂತ ಮೆಚ್ಚಿಕೊಳ್ಳುವುದೇ ಹೆಚ್ಚು. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಟಿವಿಯಲ್ಲಿ ಇದು ಬಂದಾಗ, ಮೆಣಸು ಬಿಡಿಸುತ್ತಾ ಕುಳಿತಿದ್ದ ಅಜ್ಜಿ ‘ಗೌರಿ ಒಂದು ಸಲವಾದರೂ ರೇಗಬಾರದಿತ್ತೇ’ ಎಂದಿದ್ದರು. ಅದಕ್ಕಿಂತ ಚುರುಕಾದ ವಿಮರ್ಶೆಯನ್ನು ನಾನು ಓದಿಲ್ಲ. ಹಾಗಿದ್ದರೂ ಗೌರಿಯಾಗಿ ನಟಿಸಿದ ಕಲ್ಪನಾ ಅವರ ಮುಖದಲ್ಲಿ ಸುಳಿಯುವ ಅವಮಾನ, ಚಿತ್ರಕಥೆ ಹೇಳದೆ ಬಿಟ್ಟದ್ದನ್ನು ಹೇಳುತ್ತದೆ.

‘ಕಸ್ತೂರಿ ನಿವಾಸ’ದ (1971) ದಾನಿಯ ಔದಾರ್ಯ ಅತಿರೇಕದ್ದೆನ್ನುವವರಿದ್ದಾರೆ. ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಆ ಬೊಂಬೆಯನ್ನು ಮುಂದಿಟ್ಟು ಹಾಡುವ ‘ಆಡಿಸಿ ನೋಡು ಬೀಳಿಸಿ ನೋಡು’ ಗೀತೆಯನ್ನು ಗಮನಿಸಿದರೆ, ಅತಿರೇಕವೇ ಆ ಕಥೆಯ ವಸ್ತುವೆಂದು ತಿಳಿಯುತ್ತದೆ. ಅದನ್ನು ಕಳೆದರೆ ಚಿತ್ರವೇ ಉಳಿಯದು. ‘ಜೀವನ ಚೈತ್ರ’ದ (1992) ಮದ್ಯವಿರೋಧಿ ಉಪದೇಶಕ್ಕೆ ಮಾತ್ರ ನನ್ನಲ್ಲಿ ಅಂಥ ಸಮರ್ಥನೆಯಿಲ್ಲ; ಅಲ್ಲಿ ನೆನಪಿನಲ್ಲಿ ನಿಲ್ಲುವುದು, ರಾಜ್‌ಕುಮಾರ್ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದ ‘ನಾದಮಯ’ ಹಾಡು.