ಪಾದದ ಆರೈಕೆಯೇ ವೃತ್ತಿಯಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವನು. ಈ ವರ್ಷ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಸಕ್ಕರೆ ಕಾಯಿಲೆಯಿದ್ದ ನಮ್ಮ ಅಜ್ಜಿಗೆ ಹೆಬ್ಬೆರಳಿನ ಉಗುರುಸುತ್ತಿನಿಂದ ಶುರುವಾದ ಹುಣ್ಣು ಮಾಯದೆ, ಕೊನೆಗೆ ಎರಡು ಬೆರಳುಗಳನ್ನೇ ತೆಗೆಯಬೇಕಾಯಿತು. ಪಾದದ ಆರೈಕೆ ಮಾಡುವ ಪೋಡಿಯಾಟ್ರಿಸ್ಟ್ ಎಂಬ ವೃತ್ತಿಪರರ ಹೆಸರನ್ನು ನಾನು ಮೊದಲು ಕೇಳಿದ್ದು ಆಗಲೇ. ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಈ ವೃತ್ತಿಗೆ ಏನು ಓದಬೇಕು? ಇಂಗ್ಲೆಂಡಿಗೆ ಹೋಗಿ ಓದಿದರೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಅದು ನಿಜವೇ?

ಉತ್ತರ: ನಿಜವಲ್ಲ. ನೀವು ಹಣ ಕಟ್ಟುವ ಮೊದಲೇ ಇದನ್ನು ಕೇಳಿದ್ದು ಒಳ್ಳೆಯದಾಯಿತು. ಪೋಡಿಯಾಟ್ರಿಸ್ಟ್ ಎಂಬ ಹೆಸರು ಒಂದೇ ಆದರೂ ಅದರ ಹಿಂದಿರುವ ಓದು, ಅಧಿಕಾರ, ನೋಂದಣಿ ಎಲ್ಲವೂ ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಅಮೆರಿಕದಲ್ಲಿ ಮೊದಲು ಕಾಲೇಜು ಶಿಕ್ಷಣ, ಆಮೇಲೆ 4 ವರ್ಷದ ಡಾಕ್ಟರ್ ಆಫ್ ಪೋಡಿಯಾಟ್ರಿಕ್ ಮೆಡಿಸಿನ್ ಪದವಿ, ಅದರ ಮೇಲೆ 3 ವರ್ಷದ ರೆಸಿಡೆನ್ಸಿ (ಆಸ್ಪತ್ರೆಯ ತರಬೇತಿ) ಮುಗಿಸಿದವರು ಪಾದದ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಇದು ಸಾಮಾನ್ಯವಾಗಿ 3 ವರ್ಷದ ಬಿಎಸ್ಸಿ ಆನರ್ಸ್ ಪದವಿ. ಮುಗಿಸಿದವರು ವೈದ್ಯರಲ್ಲ, ಫಿಸಿಯೋಥೆರಪಿಸ್ಟರಂತೆ ಸ್ವತಂತ್ರವಾಗಿ ಕೆಲಸ ಮಾಡುವ ಆರೋಗ್ಯ ವೃತ್ತಿಪರರು. ಆದ್ದರಿಂದ ಮುಂದೆ ಎಲ್ಲಿ ನೆಲೆಸಿ ಕೆಲಸ ಮಾಡಬೇಕೆಂದಿದ್ದೀರಿ ಎಂಬುದನ್ನು ಮನೆಯವರೊಂದಿಗೆ ಕೂತು ಮೊದಲು ತೀರ್ಮಾನಿಸಿ; ಕೋರ್ಸಿನ ಆಯ್ಕೆ ಆಮೇಲಿನ ಮಾತು.

ಇಂಗ್ಲೆಂಡಿನ ಓದು ಗಟ್ಟಿಯಾದದ್ದು ಎಂಬುದರಲ್ಲಿ ಅನುಮಾನವಿಲ್ಲ. ಅಂಗರಚನೆ, ಔಷಧಶಾಸ್ತ್ರ, ನಡಿಗೆಯ ವಿಶ್ಲೇಷಣೆ, ಗಾಯದ ಆರೈಕೆಗಳ ಜೊತೆಗೆ ಸುಮಾರು 1,000 ಗಂಟೆಗಳಷ್ಟು ಕಾಲ ರೋಗಿಗಳ ನಡುವೆ ಕೆಲಸ ಕಲಿಯಬೇಕಾಗುತ್ತದೆ. ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಾಂಸದೊಳಕ್ಕೆ ಬೆಳೆದ ಉಗುರಿನ ಅಂಚನ್ನು ತೆಗೆದು, ಅದು ಮತ್ತೆ ಹುಟ್ಟದಂತೆ ಫಿನಾಲ್ ಎಂಬ ರಾಸಾಯನಿಕವನ್ನು ಹಚ್ಚುವುದನ್ನು ವಿದ್ಯಾರ್ಥಿಗಳು ಪದವಿಯ ಹಂತದಲ್ಲಿಯೇ ಕಲಿಯುತ್ತಾರೆ. ಪದವಿಯ ನಂತರ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ಪೋಡಿಯಾಟ್ರಿಸ್ಟ್ ಅಥವಾ ಅದರ ಹಳೆಯ ಹೆಸರಾದ ಕೈರೋಪೋಡಿಸ್ಟ್ ಎಂದು ಹೇಳಿಕೊಳ್ಳುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ‘ಫುಟ್ ಹೆಲ್ತ್ ಪ್ರಾಕ್ಟಿಷನರ್’ ಎಂಬ ಹೆಸರಿಗೆ ಅಂಥ ರಕ್ಷಣೆಯಿಲ್ಲದಿರುವುದರಿಂದ ಆ ಹೆಸರಿನಲ್ಲಿ ಕೆಲವು ತಿಂಗಳ ಕೋರ್ಸುಗಳೂ ನಡೆಯುತ್ತವೆ. ಅದನ್ನು ಮುಗಿಸಿದವರು ಪೋಡಿಯಾಟ್ರಿಸ್ಟ್ ಆಗುವುದಿಲ್ಲ. ನಿಮ್ಮ ಏಜೆಂಟರು ಹೇಳುತ್ತಿರುವ ಕೋರ್ಸು ಕೌನ್ಸಿಲ್‌ನ ಮಾನ್ಯತೆ ಪಡೆದ ಪಟ್ಟಿಯಲ್ಲಿದೆಯೇ ಎಂಬುದನ್ನು ಕೌನ್ಸಿಲ್‌ನ ಜಾಲತಾಣದಲ್ಲಿ ನೀವೇ ಕಣ್ಣಾರೆ ನೋಡಿ, ಅವರ ಬಾಯಿಮಾತನ್ನು ನಂಬಬೇಡಿ. ಖರ್ಚಿನ ವಿಷಯದಲ್ಲೂ ಎಚ್ಚರ ಬೇಕು. ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ವರ್ಷಕ್ಕೆ 5,000 ಪೌಂಡ್, ಪೋಡಿಯಾಟ್ರಿಗೆಂದೇ ಇನ್ನೂ 1,000 ಪೌಂಡ್ ನೆರವು ಸಿಗುತ್ತದೆಯೆಂಬುದು ನಿಜ; ಆದರೆ ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೆ ಆ ನೆರವಿಲ್ಲ, ಶುಲ್ಕವೂ ಸ್ಥಳೀಯರಿಗಿಂತ ಬಹಳ ಹೆಚ್ಚು. ಹೊಲ ಅಡವಿಟ್ಟು ಸಾಲ ಮಾಡುವ ಸ್ಥಿತಿಯಿದ್ದರೆ ನಾನು ಈ ದಾರಿಯನ್ನು ಸೂಚಿಸಲಾರೆ.

ಇನ್ನು ನಮ್ಮಲ್ಲಿಯ ಸ್ಥಿತಿ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ಅಂದಾಜು ಮಾಡಿದೆ. ಇಷ್ಟು ಜನರ ಪಾದಗಳನ್ನು ನೋಡಿಕೊಳ್ಳಬೇಕಾದ ವೃತ್ತಿಯು ನರ್ಸಿಂಗ್, ಫಿಸಿಯೋಥೆರಪಿಗಳಂತೆ ಊರೂರಿನ ಕಾಲೇಜುಗಳಲ್ಲಿ ಸಿಗುವ ಪದವಿಯಾಗಿ ಇನ್ನೂ ಬೆಳೆದಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಪೋಡಿಯಾಟ್ರಿಸ್ಟ್ ಎಂಬ ಹೆಸರು ಸೇರಿದೆ. ಅದು ಒಳ್ಳೆಯ ಆರಂಭ. ಆದರೆ ಇಂದು ಪಿಯುಸಿ ಮುಗಿಸಿದ ಹುಡುಗನೊಬ್ಬ ಕೇವಲ ಅದನ್ನು ನಂಬಿ ಕೂರುವಂತಿಲ್ಲ. ಮೊದಲು ಗಟ್ಟಿಯಾದ ಮೂಲ ಪದವಿಯೊಂದನ್ನು ಪಡೆದು, ಆಮೇಲೆ ಪಾದದ ಕಡೆಗೆ ಹೊರಳುವುದು ಇಲ್ಲಿಯ ದಾರಿ.

ನಿಮ್ಮ ಮುಂದಿರುವ ಪದವಿಗಳಲ್ಲಿ ಫಿಸಿಯೋಥೆರಪಿ, ಬಿಎಸ್ಸಿ ನರ್ಸಿಂಗ್, ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ ಈ ಮೂರೂ ಈ ಕೆಲಸಕ್ಕೆ ಹತ್ತಿರವಾದವು. ಮೂರನೆಯದನ್ನು ನಮ್ಮ ಹುಡುಗರು ಹೆಚ್ಚು ಗಮನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ತಪ್ಪು. ಕೃತಕ ಕಾಲು, ಪಾದಕ್ಕೆ ಆಸರೆಯಾಗುವ ಅಚ್ಚು, ವಿಶೇಷ ಪಾದರಕ್ಷೆಗಳ ತಯಾರಿಕೆಯನ್ನು ಕಲಿಸುವ ಈ ಪದವಿ ಬೆಂಗಳೂರಿನ ಮೊಬಿಲಿಟಿ ಇಂಡಿಯಾದಲ್ಲಿದೆ. ಮುಗಿಸಿದವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆ. ಗಾಯ ಮಾದ ಮೇಲೆ ಅದೇ ಜಾಗದಲ್ಲಿ ಮತ್ತೆ ಹುಣ್ಣಾಗದಂತೆ ತಡೆಯುವುದು ಸರಿಯಾದ ಪಾದರಕ್ಷೆಯಾದ್ದರಿಂದ ಇದು ಸಣ್ಣ ವಿದ್ಯೆಯಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಡಾ. ಪಾಲ್ ಬ್ರ್ಯಾಂಡ್ ಅವರು, ಬೆರಳುಗಳು ಸವೆದುಹೋಗುವುದು ರೋಗವೇ ಅವನ್ನು ತಿನ್ನುವುದರಿಂದಲ್ಲ, ನೋವು ತಿಳಿಯದೆ ಪದೇ ಪದೇ ಪೆಟ್ಟಾಗುವುದರಿಂದ ಎಂದು ತೋರಿಸಿದರು. ಇಂದು ಮಧುಮೇಹಿಗಳಿಗೆ ಬರೆದುಕೊಡುವ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಮೊದಲು ಬಳಕೆಗೆ ಬಂದದ್ದು ಕುಷ್ಠರೋಗಿಗಳ ಆರೈಕೆಯಲ್ಲಿಯೇ.

ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ. ಅರ್ಜಿ ಹಾಕುವ ಮೊದಲು ಇಂಥ ಒಂದು ಕಡೆ ಅನುಮತಿ ಕೇಳಿ, ಎರಡು ದಿನ ಮೂಲೆಯಲ್ಲಿ ಕೂತು ನೋಡಿ ಬನ್ನಿ. ನಾನು ಹಾಗೆ ಕೂತಿದ್ದ ದಿನ ರೈತರೊಬ್ಬರು ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಒಳಗೆ ಬಂದರು. ಇನ್ನೊಂದು ಹೊರಗಿನ ಮೆಟ್ಟಿಲ ಬಳಿ ಕಳಚಿ ಬಿದ್ದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಪರೀಕ್ಷಿಸುವವರು ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನಿನ ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅದು ಬಾಗುವಷ್ಟು ಮಾತ್ರ ಒತ್ತಿದರು. ಆ ಎಳೆ ಬಾಗುವುದು 10 ಗ್ರಾಂ ಒತ್ತಡಕ್ಕೆ. ಹೆಬ್ಬೆರಳು, ಅಂಗಾಲಿನ ಮುಂಭಾಗ, ಹೀಗೆ ಒಂದೊಂದು ಕಡೆ ಒತ್ತಿದಾಗಲೂ ಆ ರೈತರು ಏನೂ ತಿಳಿಯದೆ ಸುಮ್ಮನೇ ಕೂತಿದ್ದರು. ಆಮೇಲೆ ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾಗಿದ್ದ ಚರ್ಮವನ್ನು, ಎಡಗೈ ಹೆಬ್ಬೆರಳಿನಿಂದ ಸುತ್ತಲಿನ ಚರ್ಮವನ್ನು ಬಿಗಿಹಿಡಿದು, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಪದರ ಪದರವಾಗಿ ಹೆರೆದರು. ನಾಲ್ಕೈದು ಪದರ ಹೋದ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ ರಕ್ತ, ಅದರ ಕೆಳಗೆ ಹುಣ್ಣು ಕಾಣಿಸಿತು. ಹೊರಗಿನಿಂದ ನೋಡಿದ್ದರೆ ಅದು ಬರೀ ಆಣಿಯಂತಿತ್ತು. ಬ್ಲೇಡು ಹಿಡಿದ ಕೈ ನಡುಗದಿರುವುದು, ಕೊಳೆತ ಗಾಯದ ವಾಸನೆಗೆ ಮುಖ ತಿರುಗಿಸದಿರುವುದು, ಬರಿಗಾಲಲ್ಲಿ ಗದ್ದೆಗಿಳಿಯಬೇಡಿ ಎಂಬ ಮಾತನ್ನು ಹತ್ತನೆಯ ಸಲವೂ ಬೇಸರಿಸದೆ ಹೇಳುವುದು, ಇವು ನಿಮ್ಮಿಂದ ಆಗುತ್ತವೆಯೇ ಎಂದು ಆ ಎರಡು ದಿನಗಳಲ್ಲಿ ನಿಮಗೇ ತಿಳಿಯುತ್ತದೆ.

ಇನ್ನೊಂದು ಸಂಗತಿ ನೆನಪಿರಲಿ. ಇಲ್ಲಿ ಫಿಸಿಯೋಥೆರಪಿ ಓದಿ ಪಾದದ ಕ್ಲಿನಿಕ್‌ನಲ್ಲಿ ಎಷ್ಟು ವರ್ಷ ದುಡಿದರೂ ಬ್ರಿಟನ್ನಿನ ಕೌನ್ಸಿಲ್ ನಿಮ್ಮನ್ನು ಫಿಸಿಯೋಥೆರಪಿಸ್ಟ್ ಎಂದು ಪರಿಗಣಿಸಬಹುದೇ ಹೊರತು ಪೋಡಿಯಾಟ್ರಿಸ್ಟ್ ಎಂದಲ್ಲ. ಅಲ್ಲಿ ಪೋಡಿಯಾಟ್ರಿಸ್ಟ್ ಆಗಲು ಅದೇ ವಿಷಯದ ಮಾನ್ಯ ಶಿಕ್ಷಣ ಬೇಕು.

ಪ್ರಶ್ನೆ: ಮದುವೆಯಾಗಿ ಆರು ವರ್ಷಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಮೈಸೂರಿನಲ್ಲಿ ಜೀವವಿಜ್ಞಾನದ ಬಿಎಸ್ಸಿ ಮಾಡಿದ್ದೆ. ವಯಸ್ಸು 37, ಇಬ್ಬರು ಮಕ್ಕಳಿದ್ದಾರೆ. ಈಗ ಪೋಡಿಯಾಟ್ರಿ ಓದಲು ತಡವಾಯಿತೇ?

ಉತ್ತರ: ಖಂಡಿತ ಇಲ್ಲ. ಈ ವೃತ್ತಿಗೆ ವಯಸ್ಸಿನ ಮಿತಿಯಿಲ್ಲ, ಮನೆಯ ಜವಾಬ್ದಾರಿ ಹೊತ್ತವರು ನಡುವಯಸ್ಸಿನಲ್ಲಿ ಸೇರುವುದೂ ಅಲ್ಲಿ ಅಪರೂಪವಲ್ಲ. ಸಂಬಂಧಪಟ್ಟ ವಿಷಯದಲ್ಲಿ ಪದವಿಯಿರುವುದರಿಂದ, ಕೆಲವು ವಿಶ್ವವಿದ್ಯಾಲಯಗಳು ನಡೆಸುವ 2 ವರ್ಷದ ನೋಂದಣಿಪೂರ್ವ ಎಂಎಸ್ಸಿಗೆ (ಮುಗಿಸಿದರೆ ಕೌನ್ಸಿಲ್‌ನಲ್ಲಿ ನೋಂದಣಿಗೆ ಅರ್ಹತೆ ಕೊಡುವ ಕೋರ್ಸು) ನೀವು ಅರ್ಜಿ ಹಾಕಬಹುದು; ನಿಮ್ಮ ಪದವಿ ಅದಕ್ಕೆ ಸಮನೆಂದು ಅವರು ಒಪ್ಪುತ್ತಾರೆಯೇ ಎಂದು ಅಂಕಪಟ್ಟಿ ಕಳುಹಿಸಿ ಮೊದಲೇ ಕೇಳಿಕೊಳ್ಳಿ. ಇನ್ನೊಂದು ದಾರಿ ಡಿಗ್ರಿ ಅಪ್ರೆಂಟಿಸ್‌ಶಿಪ್. ಅದರಲ್ಲಿ ಉದ್ಯೋಗದಾತರು ನಿಮಗೆ ಸಂಬಳ ಕೊಟ್ಟು ಓದಿಸುತ್ತಾರೆ, ಶುಲ್ಕದ ಹೊರೆ ನಿಮ್ಮ ಮೇಲಿರುವುದಿಲ್ಲ. ಆದರೆ ಹೆಚ್ಚಿನ ಸಂದರ್ಭದಲ್ಲಿ ಹಿಂದಿನ 3 ವರ್ಷ ಆ ದೇಶದಲ್ಲಿ ವಾಸವಿದ್ದಿರಬೇಕು, ಕೆಲಸ ಮಾಡುವ ಹಕ್ಕೂ ಇರಬೇಕು. ಮಕ್ಕಳಿರುವ ಮನೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅಂಥ ಹುದ್ದೆಗಳು ಕಡಿಮೆಯಾದ್ದರಿಂದ ಎನ್‌ಎಚ್‌ಎಸ್‌ನ ಉದ್ಯೋಗ ಪ್ರಕಟಣೆಗಳನ್ನು ವಾರಕ್ಕೊಮ್ಮೆ ನೋಡುತ್ತಿರಿ, ಈ ನಡುವೆ ಹತ್ತಿರದ ಪೋಡಿಯಾಟ್ರಿ ಕ್ಲಿನಿಕ್‌ನಲ್ಲಿ ಸಹಾಯಕಿಯ ಕೆಲಸ ಸಿಕ್ಕರೆ ಬಿಡಬೇಡಿ.